ಕಿಲೋಮೀಟರ್ ಲೆಕ್ಕ ಬೇಡ ಸ್ವಾಮೀ, ಮಳೆಗಾಲದ ಲೆಕ್ಕ ಕೊಡಿ

ಇಲ್ಲಿ ಏನೂ ಬರೆಯದೆ ತಿಂಗಳುಗಳೇ ಆದವು. ವಿಷಯ ಇರಲಿಲ್ಲ ಎಂದಲ್ಲ, ಬರೀ ಸೋಮಾರಿತನ. ಈಗ ಬರೆಯುತ್ತಿರುವುದು ಸಿಟ್ಟಿನಲ್ಲಿ. ಸಿಟ್ಟಿಗೆ ಕಾರಣ ಅಪ್ಪನ ಹಳೆಯ ಯೆಜ್ಡಿ, ಅರ್ಧ ಟ್ಯಾಂಕ್ ಪೆಟ್ರೋಲು ಮತ್ತು ನಾಲ್ಕು ತಿಂಗಳ ಮಳೆ.

ನನ್ನೂರು ಕನ್ಯಾನ. ಬಂಟ್ವಾಳ ತಾಲೂಕಿನ ಒಂದು ಮೂಲೆ. ವಿಟ್ಲ ದಾಟಿ ಬಂದರೆ ನಾವು, ನಮ್ಮನ್ನು ದಾಟಿದರೆ ಕೇರಳ. ಅಡಿಕೆ ತೋಟ, ಗುಡ್ಡ, ಏರು, ಇಳಿಜಾರು. ಇಲ್ಲಿ ಮನೆಗೊಬ್ಬ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಗಲ್ಫಿನಲ್ಲೋ ಇದ್ದಾನೆ. ಅವನ ಬೈಕು ಮಾತ್ರ ಕೊಟ್ಟಿಗೆಯ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತಿರುತ್ತದೆ. ದುಬೈಯಿಂದ ಎರಡು ವರ್ಷಕ್ಕೊಮ್ಮೆ ಬರುವವನ ಬೈಕು ಎರಡು ವರ್ಷ ನಿಂತಿರುತ್ತದೆ. ಇದನ್ನು ಓದುತ್ತಿರುವ ಬ್ಲಾಗಿಗರಲ್ಲಿಯೂ ಊರಲ್ಲಿ ಒಂದು ಗಾಡಿ ನಿಲ್ಲಿಸಿ ಬಂದವರು ಎಷ್ಟು ಮಂದಿ ಇಲ್ಲ ಹೇಳಿ!

ನಮ್ಮದು ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿ ಮುಚ್ಚಲಿಲ್ಲ. ಅಪ್ಪ ಇದರಲ್ಲೇ ಅಡಿಕೆ ಮೂಟೆ ಕಟ್ಟಿ ವಿಟ್ಲಕ್ಕೆ ಹೋಗಿದ್ದಾರೆ, ನನ್ನನ್ನು ಹಿಂದೆ ಕೂರಿಸಿ ಶಾಲೆಗೆ ಬಿಟ್ಟಿದ್ದಾರೆ. ಈಗ ಮೊಣಕಾಲು ಕೇಳುವುದಿಲ್ಲ, ಕಿಕ್ ಹೊಡೆಯಲು ಆಗುವುದಿಲ್ಲ. ಆದರೂ ವಾರಕ್ಕೊಮ್ಮೆ ಫೋನಿನಲ್ಲಿ ನನ್ನ ಆರೋಗ್ಯಕ್ಕಿಂತ ಮೊದಲು ಕೇಳುವುದು, “ಗಾಡಿ ಸ್ಟಾರ್ಟ್ ಮಾಡುವುದಕ್ಕೆ ಯಾವಾಗ ಬರ್ತಿ?” ಎಂದು.

2025ರ ಜೂನಿನಲ್ಲಿ ಊರಿಗೆ ಹೋದವನು ಒಂದು ಸುತ್ತು ಹೊಡೆದು, ಕೊಟ್ಟಿಗೆಯಲ್ಲಿ ನಿಲ್ಲಿಸಿ, ಬಸ್ಸು ತಪ್ಪುತ್ತದೆಂದು ಓಡಿದೆ. ಟ್ಯಾಂಕ್ ಅರ್ಧ ತುಂಬಿತ್ತು. ಪೆಟ್ರೋಲ್ ಕಾಕ್ ಬಂದ್ ಮಾಡಿರಲಿಲ್ಲ. ಹಾಗಾಗಿ ಈ ಕೇಸಿನಲ್ಲಿ ಮೊದಲನೇ ಆರೋಪಿ ನಾನೇ, ಒಪ್ಪಿದೆ. ದೀಪಾವಳಿಗೆ ಹೋಗಿ ಕಿಕ್ ಹೊಡೆದರೆ... ಊಹೂಂ. ಇಪ್ಪತ್ತು ಕಿಕ್, ಮೂವತ್ತು ಕಿಕ್. ಅಪ್ಪ ಜಗಲಿಯಲ್ಲಿ ಕೂತು ನೋಡುತ್ತಿದ್ದರು, ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಮೆಕ್ಯಾನಿಕ್ ಬಂದು ಕಾರ್ಬುರೇಟರ್ ಬಿಚ್ಚಿದ. ಫ್ಲೋಟ್ ಬೌಲಿನ ತಳದಲ್ಲಿ ಬಿಳಿ ಪುಡಿ. ಪೈಲಟ್ ಜೆಟ್ಟಿನ ಸೂಜಿಮೊನೆಯಷ್ಟು ತೂತಿನಲ್ಲಿ ಹಸಿರು ಕಿಲುಬು. ಕಾಕಿನ ರಬ್ಬರು ಉಬ್ಬಿ ಮೆತ್ತಗಾಗಿತ್ತು. ಟ್ಯಾಂಕಿನಲ್ಲಿದ್ದದ್ದನ್ನು ಗಾಜಿನ ಬಾಟಲಿಗೆ ಇಳಿಸಿದಾಗ ಮೇಲೆ ಆಯಿಲ್ ಬಣ್ಣದ ಪೆಟ್ರೋಲು, ಕೆಳಗೆ ಎರಡು ಬೆರಳು ದಪ್ಪಕ್ಕೆ ಮಂಕು ನೀರಿನಂಥದ್ದು. ಆತ ಬಾಟಲಿಯನ್ನು ಬೆಳಕಿಗೆ ಹಿಡಿದು ಹೇಳಿದ ಮಾತು: “ಸ್ಟಾರ್ಟ್ ಆಗದ್ದು ನಿಮ್ಮ ಪುಣ್ಯ ಅಣ್ಣಾ.”

ಯಾಕೆ ಪುಣ್ಯ? ಯೆಜ್ಡಿ ಟೂ ಸ್ಟ್ರೋಕ್ ಗಾಡಿ. ಅದರ ಪಿಸ್ಟನ್ನಿಗೆ, ಬೇರಿಂಗಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆ ಬೆರೆಸಿದ ಆಯಿಲಿನಿಂದ. ಎಥೆನಾಲು ಮತ್ತು ನೀರು ಒಂದಾಗಿ ಕೆಳಗೆ ಇಳಿದರೆ ಆಯಿಲು ಅದರ ಜೊತೆ ಹೋಗುವುದಿಲ್ಲ, ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನಿಂದ ಎಂಜಿನ್ನಿಗೆ ಮೊದಲು ಹೋಗುವುದು ತಳದ್ದು. ಅಂದರೆ ಎಣ್ಣೆಯೇ ಇಲ್ಲದ ದ್ರವ. ಅದರಲ್ಲಿ ಹೇಗೋ ಸ್ಟಾರ್ಟ್ ಆಗಿ ನಮ್ಮ ಗುಡ್ಡದ ಏರು ಹತ್ತಿದ್ದರೆ ಎಂಜಿನ್ ಜಾಮ್ ಆಗುವ ಸಾಧ್ಯತೆ ಇತ್ತು.

ಈಗ ವಿಜ್ಞಾನದ ಮಾತು, ಚಿಕ್ಕದಾಗಿ. ಎಥೆನಾಲು ಅಂದರೆ ಆಲ್ಕೋಹಾಲು. ನೀರು ಕಂಡರೆ ಬಿಡುವುದಿಲ್ಲ. ಬರೀ ಪೆಟ್ರೋಲಿಗೆ ಒಂದು ಚಮಚ ನೀರು ಬಿದ್ದರೆ ಅದು ತಳದಲ್ಲಿ ಗುಳ್ಳೆಯಾಗಿ ಕೂರುತ್ತದೆ, ಪೆಟ್ರೋಲಿನ ಗೊಡವೆಗೆ ಹೋಗುವುದಿಲ್ಲ. ಎಥೆನಾಲು ಇದ್ದರೆ ಸ್ವಲ್ಪ ನೀರನ್ನು ಅದು ತನ್ನಲ್ಲೇ ಕರಗಿಸಿಕೊಳ್ಳುತ್ತದೆ. ಮಿತಿ ದಾಟಿದರೆ ನೀರಿನ ಕೈ ಹಿಡಿದು ಪೆಟ್ರೋಲನ್ನು ಬಿಟ್ಟು ಕೆಳಗಿಳಿಯುತ್ತದೆ. ಒಂದು ಬಾಟಲಿಯಲ್ಲಿ ನೂರು ಮಿಲಿ ಪೆಟ್ರೋಲು, ಇಪ್ಪತ್ತು ಮಿಲಿ ನೀರು ಹಾಕಿ ಕುಲುಕಿ ಇಟ್ಟು ನೋಡಿ (ಬೀಡಿ ಸೇದುವವರಿಂದ ದೂರ!). ತಳದ ಪದರ ಇಪ್ಪತ್ತರಿಂದ ನಲವತ್ತರ ಹತ್ತಿರಕ್ಕೆ ಬೆಳೆದಿರುತ್ತದೆ. ನಾನು ನೋಡಿದೆ.

ಇಲ್ಲಿ ನ್ಯಾಯವಾಗಿ ಎರಡು ಮಾತು ಹೇಳಬೇಕು. ಒಂದು, ಎಥೆನಾಲು ಇಲ್ಲದ ಪೆಟ್ರೋಲೂ ನಿಂತರೆ ಹಾಳಾಗುತ್ತದೆ. ಹಗುರದ ಅಂಶ ಹಾರಿಹೋಗಿ, ಉಳಿದದ್ದು ಅಂಟಾಗಿ ಜೆಟ್ಟಿಗೆ ಮೆತ್ತಿಕೊಳ್ಳುತ್ತದೆ. ಎರಡು, ಗಾಳಿಯ ತೇವ ಮಾತ್ರದಿಂದ ಟ್ಯಾಂಕಿನಲ್ಲಿ ಎರಡು ಬೆರಳು ನೀರು ಆಗುವುದಿಲ್ಲ. ನಮ್ಮ ಟ್ಯಾಂಕ್ ಮುಚ್ಚಳದ ರಬ್ಬರು ಬಿರಿದಿತ್ತು, ಕೊಟ್ಟಿಗೆಯ ಮಾಡು ಸೋರುತ್ತಿತ್ತು. ವಾಟ್ಸಾಪಿನಲ್ಲಿ “ಎಥೆನಾಲು ವಿಷ, ಎಂಜಿನ್ ಸ್ಫೋಟ” ಎಂದು ಕಳಿಸುವವರ ಪಕ್ಷ ನನ್ನದಲ್ಲ. ಆದರೆ ಮಾಡು ಸೋರುವುದು, ಮುಚ್ಚಳ ಬಿರಿಯುವುದು, ಕಾಕ್ ಮರೆಯುವುದು ನಮ್ಮಲ್ಲಿ ಹೊಸತೇ? ವರ್ಷಕ್ಕೆ ಹತ್ತಿರ ಹತ್ತಿರ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ಹಿಂದೆಯೂ ಹೀಗೆ ಮರೆತದ್ದುಂಟು. ಆಗ ತಳದ ನೀರು ಚೆಲ್ಲಿ, ಪ್ಲಗ್ ಒರೆಸಿ, ಹತ್ತು ಕಿಕ್ ಹೊಡೆದರೆ ಯೆಜ್ಡಿ ಕೆಮ್ಮಿ ಏಳುತ್ತಿತ್ತು. ಈಗ ಅದೇ ತಪ್ಪಿಗೆ ದಂಡ ಜಾಸ್ತಿಯಾಗಿದೆ. ಯಾಕೆಂದರೆ ನೀರು ಈಗ ನೀರಾಗಿ ಸುಮ್ಮನೆ ಕೂರುವುದಿಲ್ಲ. ಪೆಟ್ರೋಲಿನ ಐದನೇ ಒಂದು ಭಾಗವನ್ನೇ ತನ್ನ ಕಡೆ ಎಳೆದುಕೊಂಡು, ಲೋಹ ಕೊರೆಯುತ್ತಾ ಕೂರುತ್ತದೆ.

ಈಗ ಬಂತು ಸಿಟ್ಟಿನ ವಿಷಯ.

ಪೆಟ್ರೋಲಿಗೆ ಎಥೆನಾಲು ಬೆರೆಸುವುದು ನಿನ್ನೆ ಮೊನ್ನೆಯದಲ್ಲ. 2003ರಲ್ಲೇ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಶೇಕಡಾ 5ರ ಲೆಕ್ಕದಲ್ಲಿ ಶುರುವಾಗಿತ್ತು. 2022ರ ಜೂನಿಗೆ ಶೇಕಡಾ 10 ಆಯಿತು. ಶೇಕಡಾ 20ರ ಪೆಟ್ರೋಲು, ಅಂದರೆ ಇ20, ಬಿಡುಗಡೆಯಾದದ್ದು 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ. 2030ಕ್ಕೆ ಎಂದಿದ್ದ ಗುರಿ 2025ಕ್ಕೇ ಮುಟ್ಟಿತು. ಭೇಷ್.

ಜನ ಗಲಾಟೆ ಮಾಡಿದಾಗ 2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯ ಉತ್ತರ ಕೊಟ್ಟಿತು. ಆ ಉತ್ತರವನ್ನು ನಿಧಾನವಾಗಿ ಓದಿ. ವಾಹನಗಳನ್ನು ಮೊದಲ ಒಂದು ಲಕ್ಷ ಕಿಲೋಮೀಟರ್ ತನಕ, ಪ್ರತಿ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಪರೀಕ್ಷಿಸಿದ ಅಧ್ಯಯನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವಂತೆ. ಕೆಲವು ಹಳೆಯ ಗಾಡಿಗಳಲ್ಲಿ ಇಪ್ಪತ್ತು ಮೂವತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದಂತೆ, ಅದಕ್ಕೆ ಖರ್ಚು ಕಡಿಮೆಯಂತೆ.

ಎಲ್ಲವೂ ಕಿಲೋಮೀಟರು! ನಮ್ಮ ಗಾಡಿ ಜೂನಿನಿಂದ ಅಕ್ಟೋಬರಿನ ತನಕ ಓಡಿದ್ದು ಸೊನ್ನೆ ಕಿಲೋಮೀಟರು. ಸರ್ಕಾರದ ಲೆಕ್ಕದಲ್ಲಿ ಅದಕ್ಕೆ ಏನೂ ಆಗಿರಬಾರದು. ಓಡುವ ಗಾಡಿಯಲ್ಲಿ ಪೆಟ್ರೋಲು ವಾರಕ್ಕೊಮ್ಮೆ ಬದಲಾಗುತ್ತದೆ, ನೀರು ಸೇರಲು, ಲೋಹ ಕಿಲುಬಲು ಸಮಯ ಸಿಗುವುದಿಲ್ಲ. ನಿಂತ ಗಾಡಿಗೆ ಶತ್ರು ದೂರ ಅಲ್ಲ, ಕಾಲ. ಓಡುವ ಗಾಡಿಯ ಪರೀಕ್ಷೆಯ ಫಲಿತಾಂಶ ತೋರಿಸಿ ನಿಂತ ಗಾಡಿಯವನಿಗೆ ಧೈರ್ಯ ಹೇಳುವುದು, ಈಜುವವನಿಗೆ ಏನೂ ಆಗಲಿಲ್ಲ ಎಂದು ಒದ್ದೆ ಬಟ್ಟೆಯಲ್ಲಿ ನಾಲ್ಕು ತಿಂಗಳು ಕೂತವನಿಗೆ ಹೇಳಿದ ಹಾಗೆ.

“ಹಳೆಯ ಗುಜರಿಗಾಗಿ ದೇಶದ ನೀತಿ ಬದಲಿಸಬೇಕಾ?” ಎನ್ನುತ್ತೀರಿ. ಬೇಡ. ನಾನು ಕೇಳುತ್ತಿರುವುದು ಆ ನೀತಿಯ ಕಾಗದದಲ್ಲೇ ಇದ್ದದ್ದನ್ನು. 2021ರ ಜೂನಿನಲ್ಲಿ ನೀತಿ ಆಯೋಗ ಹೊರತಂದ ಎಥೆನಾಲ್ ಮಾರ್ಗಸೂಚಿಯಲ್ಲಿ, ಇ20 ಬಂದ ಮೇಲೂ ಹಳೆಯ ವಾಹನಗಳ ರಕ್ಷಣೆಗೆಂದು ಇ10 ಸಿಗುತ್ತಿರಬೇಕು ಎಂದಿತ್ತು. ಹಳೆಯ ದ್ವಿಚಕ್ರಗಳಲ್ಲಿ ಮೈಲೇಜು ಶೇಕಡಾ 3–4 ಇಳಿಯುತ್ತದೆ ಎಂದೂ ಅದರಲ್ಲೇ ಇತ್ತು. ಇ20 ಬಂತು, ಇ10 ಎಲ್ಲಿ ಹೋಯಿತು? ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಲ್ಲಿ ಇ10 ಬಂದಾಗ ಹಳೆಯ ಗಾಡಿಗಳಿಗಾಗಿ ಸೂಪರ್ ಪೆಟ್ರೋಲಿನಲ್ಲಿ ಇ5 ಉಳಿಸಿಕೊಂಡರು. ದುಬಾರಿ, ಆದರೆ ಉಂಟು. ನಮ್ಮಲ್ಲಿ ಆಯ್ಕೆ ಕೊಡಿ ಎಂದು ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಕೋರ್ಟು ಬೇಡ ಎಂದಿತೆಂದು ಕೇಳುವ ಹಕ್ಕು ಹೋಗುವುದಿಲ್ಲವಲ್ಲ.

“ರೈತರ ವಿರೋಧಿ” ಎಂಬ ಬಾಣ ಬರುತ್ತದೆಂದು ಗೊತ್ತು. ನಾವೂ ರೈತರೇ ಮಾರಾಯ್ರೆ! ಬೆಳಗಾವಿಯ ಕಬ್ಬಿಗೆ, ದಾವಣಗೆರೆಯ ಜೋಳಕ್ಕೆ ಒಳ್ಳೆಯ ಬೆಲೆ ಬಂದರೆ ನನಗೆ ಹೊಟ್ಟೆಕಿಚ್ಚಿಲ್ಲ. (ಇಷ್ಟೆಲ್ಲ ಎಥೆನಾಲು ಬೆರೆತ ಮೇಲೂ 2025ರ ನವೆಂಬರಿನಲ್ಲಿ ಕಬ್ಬಿನವರು ಟನ್ನಿಗೆ 3500 ರೂಪಾಯಿ ಕೇಳಿ ಗುರ್ಲಾಪುರದಲ್ಲಿ ರಸ್ತೆಗಿಳಿಯಬೇಕಾಯಿತು ಎಂಬುದೂ ನೆನಪಿರಲಿ.) ಆದರೆ ಅಡಿಕೆಯವನ ಮನೆಗೆ ಬಂದು ನೋಡಿ. ಬೈಕು ಬಿಡಿ, ಹುಲ್ಲು ಕತ್ತರಿಸುವ ಯಂತ್ರ ಎಷ್ಟೋ ಮನೆಗಳಲ್ಲಿ ಟೂ ಸ್ಟ್ರೋಕಿನದು. ಮೈಲುತುತ್ತು ಹೊಡೆಯುವ ಪಂಪಿಗೂ ಪೆಟ್ರೋಲ್ ಎಂಜಿನ್ ಇರುವುದುಂಟು. ವರ್ಷಕ್ಕೆ ನಾಲ್ಕು ವಾರ ಕೆಲಸ, ಉಳಿದದ್ದು ವಿಶ್ರಾಂತಿ. ಆಯಿಲು ಬೆರೆಸಿಟ್ಟ ಪೆಟ್ರೋಲಿನ ಕ್ಯಾನು ಮೂಲೆಯಲ್ಲಿ. ಒಬ್ಬ ರೈತನ ಕಬ್ಬು ಇನ್ನೊಬ್ಬ ರೈತನ ಕಾರ್ಬುರೇಟರಿನಲ್ಲಿ ಕಿಲುಬಾಗುತ್ತದೆ ಎಂದರೆ ಅದನ್ನು ಹೇಳುವುದು ರೈತದ್ರೋಹವಾ?

ನಾನು ಕೇಳುವುದು ಮೂರೇ. ಬಂಕಿನಲ್ಲಿ ಪೈಪಿನ ಪಕ್ಕ “ಇದರಲ್ಲಿ ಎಥೆನಾಲ್ ಇಷ್ಟು” ಎಂದು ಕಣ್ಣಿಗೆ ಕಾಣುವಂತೆ, ಕನ್ನಡದಲ್ಲಿ ಬರೆಯಿರಿ. ನಾನು ತುಂಬಿಸಿದಲ್ಲಿ ನನ್ನ ಕಣ್ಣಿಗೆ ಕಾಣಲಿಲ್ಲ. ತಾಲೂಕಿಗೆ ಒಂದು ಬಂಕಿನಲ್ಲಾದರೂ ಇ10 ಇಡಿ, ಎರಡು ರೂಪಾಯಿ ಜಾಸ್ತಿ ತೆಗೆದುಕೊಳ್ಳಿ, ಕೊಡುತ್ತೇವೆ. ಮೂರನೆಯದು, ಗಾಡಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಏನಾಗುತ್ತದೆ ಎಂದೂ ಪರೀಕ್ಷೆ ಮಾಡಿ, ಕರಾವಳಿಯ ಮಳೆಗಾಲದಲ್ಲೇ ಮಾಡಿ, ಫಲಿತಾಂಶ ಏನೇ ಬರಲಿ ಜನರ ಮುಂದಿಡಿ. ನನ್ನ ಮಾತು ಸುಳ್ಳೆಂದು ಬಂದರೆ ಇಲ್ಲೇ ತಪ್ಪೊಪ್ಪಿಗೆ ಬರೆಯುತ್ತೇನೆ.

ಅಲ್ಲಿಯ ತನಕ ನಮ್ಮ ಜಾಗ್ರತೆ ನಮಗೆ. ಗಾಡಿ ಒಂದು ತಿಂಗಳಿಗಿಂತ ಹೆಚ್ಚು ನಿಲ್ಲುವುದಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ಆರುವ ತನಕ ಓಡಲು ಬಿಡಿ, ಆಮೇಲೆ ಫ್ಲೋಟ್ ಬೌಲಿನ ಸ್ಕ್ರೂ ಸಡಿಲಿಸಿ ಉಳಿದದ್ದನ್ನು ಇಳಿಸಿ. ಅರ್ಧ ಟ್ಯಾಂಕ್ ಇಡಲೇಬೇಡಿ. ಒಂದೋ ಪೂರ್ತಿ ಖಾಲಿ ಮಾಡಿ ಒಳಗೆ ಎಣ್ಣೆ ಸವರಿ, ಇಲ್ಲವೇ ಕಂಠಮಟ್ಟ ತುಂಬಿಸಿ. ಮುಚ್ಚಳದ ರಬ್ಬರು ಬದಲಿಸಿ. ಇಂಜೆಕ್ಷನ್ ಬೈಕಿನಲ್ಲಿ ಹೀಗೆ ಇಳಿಸಲು ಆಗುವುದಿಲ್ಲ, ಅದನ್ನು ಮನೆಯವರ ಕೈಯಲ್ಲಿ ವಾರಕ್ಕೊಮ್ಮೆ ಓಡಿಸಿ. ಬೆರೆಸಿದ ಪೆಟ್ರೋಲಿನ ಕ್ಯಾನು ತಿಂಗಳು ದಾಟದಿರಲಿ.

ನನಗಾದ ಖರ್ಚು ನಾಲ್ಕು ಸಾವಿರದ ಮುನ್ನೂರು ರೂಪಾಯಿ. ಟ್ಯಾಂಕ್ ತೊಳೆದು, ಜೆಟ್ ಬದಲಿಸಿ, ಮೂರನೇ ದಿನ ಗಾಡಿ ಎದ್ದಿತು. ಆ ಹಳೆಯ ಸದ್ದು ಕೇಳಿ ಅಪ್ಪ ಜಗಲಿಯಿಂದ ಇಳಿದು ಬಂದರು, ಕೋಲು ಮರೆತು. ಆಕ್ಸಿಲರೇಟರ್ ಒಮ್ಮೆ ತಿರುಗಿಸಿ, “ಈ ಸಲ ಕಾಕ್ ನಾನೇ ಬಂದ್ ಮಾಡ್ತೇನೆ, ನೀನು ಹೋಗು” ಎಂದರು.

ನಿಮ್ಮ ಊರಿನ ಗಾಡಿಯ ಕಾಕ್ ಬಂದ್ ಉಂಟಾ? ಮನೆಗೆ ಒಂದು ಫೋನ್ ಮಾಡಿ ಕೇಳಿ. ನನ್ನನ್ನು ಬೈಯುವುದಿದ್ದರೆ ಆಮೇಲೆ ಬೈದರಾಯಿತು.