ಜಾಲದ ಪಾಲುದಾರಿಕೆ, ಬಲೆಯ ಬೇಟೆ

ಬಿಟ್‌ಕಾಯಿನ್‌ನ ಹೆಸರು ಇಂದು ಮಲವಗೊಪ್ಪದ ಮೊಬೈಲುಗಳಲ್ಲೂ ಸುಳಿದಾಡುತ್ತಿದೆ. ಆದರೆ ಅದರಲ್ಲಿ ಪಾಲ್ಗೊಳ್ಳುವುದೆಂದರೇನು ಎಂದು ನಾವು ವಿಚಾರಿಸಿದ್ದೇವೆಯೇ?

2009ರಲ್ಲಿ ಆರಂಭವಾದ ಈ ಜಾಲಕ್ಕೆ ಒಡೆಯನಿಲ್ಲ. ಅದರ ಲೆಕ್ಕಪುಸ್ತಕವನ್ನು ಮನೆಯ ಕಂಪ್ಯೂಟರಿನಲ್ಲಿಟ್ಟು ಪ್ರತಿ ವ್ಯವಹಾರವನ್ನೂ ಯಾರು ಬೇಕಾದರೂ ಪರಿಶೀಲಿಸಬಹುದು, ಅದಕ್ಕೆ ಪ್ರತಿಫಲವಿಲ್ಲ. ನಾಣ್ಯದ ಗಣಿಗಾರಿಕೆಗೆ ಪ್ರತಿಫಲವಿದೆ. ಆದರೆ ದುಬಾರಿ ಯಂತ್ರಗಳೂ ಅಪಾರ ವಿದ್ಯುತ್ತೂ ಬೇಕು. ಇಥೀರಿಯಂ ಜಾಲವು 2022ರಲ್ಲಿ ಗಣಿಗಾರಿಕೆಯನ್ನು ಕೈಬಿಟ್ಟಿತು. ಅಲ್ಲಿ ಪರಿಶೀಲಕನಾಗಲು 32 ಈಥರ್ ಒತ್ತೆಯಿಡಬೇಕು. ಇನ್ನುಳಿದದ್ದು ಖರೀದಿ. ಅದರ ಲಾಭದ ಮೇಲೆ 2022ರಿಂದ ಶೇ. 30 ತೆರಿಗೆಯಿದೆ, ನಷ್ಟವನ್ನು ಬೇರೆ ಆದಾಯದಿಂದ ಕಳೆಯುವಂತಿಲ್ಲ.

ಇವುಗಳಲ್ಲಿ ಯಾವುದೂ ತಿಂಗಳಿಗಿಷ್ಟು ಲಾಭವೆಂದು ಖಾತರಿ ನೀಡುವುದಿಲ್ಲ. ಹಾಗೆ ಖಾತರಿಯಿತ್ತು ಹಣ ಸಂಗ್ರಹಿಸುವವನು ಜಾಲದ ಪಾಲುದಾರನಲ್ಲ, ಬಲೆ ಬೀಸುವವನು. 2019ರಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ, ಹಲಾಲ್ ಹೂಡಿಕೆಯೆಂಬ ಮಾತನ್ನು ನಂಬಿದ ಸಾವಿರಾರು ಮುಸ್ಲಿಮ್ ಕುಟುಂಬಗಳ ಉಳಿತಾಯ ಮಣ್ಣುಪಾಲಾಯಿತು. ಅಂದು ಚಿನ್ನದ ಹೆಸರಿತ್ತು. ನಾಳೆ ಡಿಜಿಟಲ್ ನಾಣ್ಯದ ಹೆಸರಿರಬಹುದು.

ಆದುದರಿಂದ ಹಣ ಕೊಡುವ ಮುನ್ನ ಒಂದು ಪ್ರಶ್ನೆ ಕೇಳೋಣ: ನಾಣ್ಯದ ಗುಪ್ತ ಕೀಲಿ ಯಾರ ಕೈಯಲ್ಲಿರುತ್ತದೆ? ನಮ್ಮ ಕೈಯಲ್ಲಲ್ಲವಾದರೆ, ಆ ನಾಣ್ಯವೂ ನಮ್ಮದಲ್ಲ. ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆಂದು ಕೂಡಿಟ್ಟ ಹಣವನ್ನು ಪರರ ಕೀಲಿಗೆ ಒಪ್ಪಿಸುವುದು ಹೂಡಿಕೆಯಲ್ಲ.