ಗುಟ್ಟು ಹೇಳುವ ಮುನ್ನ

ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡದೆ ಕಾಸು ಬಿಚ್ಚದ ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಜನ, ಮೊಬೈಲಿನಲ್ಲಿ ಸಿಕ್ಕವರ ಮುಖವನ್ನೂ ನೋಡದೆ ಕಾಯಿಲೆಯ ಗುಟ್ಟು ಬಿಚ್ಚಿಡುತ್ತಾರೆ.

ಈಚೆಗೆ ಬಿಳಿಸೆರಗಿನ ತೊಂದರೆಯೆಂದು ಬಂದ ಗೃಹಿಣಿಯೊಬ್ಬರು ಅದಕ್ಕೂ ಮೊದಲು ವಾಟ್ಸಾಪಿನ ‘ಡಾಕ್ಟರ’ನೊಬ್ಬನ ಸಲಹೆ ಪಡೆದಿದ್ದರು. ಮೊದಲ ವಾರ ಆತ ಏನನ್ನೂ ಬೇಡಲಿಲ್ಲ. ಊಟವಾಯಿತೇ, ನಿದ್ದೆ ಬಂತೇ ಎಂದಷ್ಟೇ ವಿಚಾರಿಸಿದ. ನಂತರ ಫೋಟೊ ಕೇಳಿದ. ಅದು ಸಿಕ್ಕ ಮೇಲೆ, ಊರಿಗೆಲ್ಲ ಹಂಚುತ್ತೇನೆಂದು ಹೆದರಿಸಿ ಹಣ ಕೇಳಿದ. ಬೆಂಡೋಲೆ ಅಡವಿಟ್ಟು ಕೊಟ್ಟದ್ದಾಯಿತು. ‘ಅಷ್ಟು ಸಮಾಧಾನದಿಂದ ನನ್ನ ಮಾತು ಯಾರೂ ಕೇಳಿದ್ದಿಲ್ರಿ ಸರ್’ ಎಂದರು ಆಕೆ.

ಈ ಮಾತು ನಮ್ಮಂಥ ವೈದ್ಯರಿಗೂ ತಾಗುತ್ತದೆ. ಹತ್ತು ಜನ ನಿಂತಿರುವಾಗಲೇ ‘ಏನವ್ವಾ, ಏನು ತ್ರಾಸು?’ ಎಂದು ಕೂಗಿ ಕೇಳಿದರೆ ಹೆಣ್ಣುಮಕ್ಕಳು ಮೊಬೈಲಿನ ಮರೆ ಹುಡುಕದೆ ಇನ್ನೇನು ಮಾಡಿಯಾರು? ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆ ಹಕ್ಕು ದವಾಖಾನೆಯ ಹೊಸ್ತಿಲಲ್ಲೇ ಕಳೆದುಹೋಗಬಾರದು.

ದೂರದಿಂದ ಸಲಹೆ ಕೊಡುವ ವೈದ್ಯರು ತಮ್ಮ ನೋಂದಣಿ ಸಂಖ್ಯೆ ತಿಳಿಸಬೇಕೆಂದು 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಹೇಳುತ್ತದೆ. ಕೇಳಿ, ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ತಾಳೆ ನೋಡಿ. ಜಾರಿಕೊಂಡರೆ ಮಾತು ಅಲ್ಲಿಗೇ ನಿಲ್ಲಿಸಿ. ಬ್ಯಾಂಕಿನ ಓಟಿಪಿಯಂತೂ ಯಾವ ಕಾಯಿಲೆಗೂ ಮದ್ದಲ್ಲ. ಬೆದರಿಕೆ ಬಂದರೆ ಸಂದೇಶಗಳನ್ನು ಅಳಿಸದೆ ಪೊಲೀಸರಿಗೆ ತೋರಿಸಿ; ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಆಕೆ ಬಂದುಹೋದ ಮರುದಿನವೇ ನನ್ನ ಕೋಣೆಗೆ ಒಂದು ದಪ್ಪ ಪರದೆ ಹಾಕಿಸಿದೆ.