ತಪಾಸಣೆಗೂ ಕಾನೂನಿನ ಚೌಕಟ್ಟಿರಲಿ



ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಕಳೆದ ವಾರ, ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ ನನ್ನ ಅಕ್ಕನ ಮಗನನ್ನು ಪೊಲೀಸರು ತಡೆದರು. ಯಾಕೆಂದು ಹೇಳಲಿಲ್ಲ. ಜೇಬು ತಡಕಿದರು, ಊಟದ ಡಬ್ಬಿಯ ಮುಚ್ಚಳ ತೆಗೆಸಿದರು, ಮೊಬೈಲ್ ಇಸಿದುಕೊಂಡು ವಾಟ್ಸ್‌ಆ್ಯಪ್‌ನಲ್ಲಿ ‘ಗಾಂಜಾ’ ಎಂದು ಹುಡುಕಿದರು. ಏನೂ ಸಿಗದಿದ್ದಾಗ ‘ಹೋಗು’ ಎಂದರು. ಹುಡುಗ ಈಗ ಆ ದಾರಿಯಲ್ಲಿ ಬರಲು ಹೆದರುತ್ತಾನೆ.

ಮಾದಕ ವಸ್ತುಗಳ ಜಾಲವನ್ನು ಮಟ್ಟ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾರ್ವಜನಿಕ ಸ್ಥಳದಲ್ಲಿ ಒಬ್ಬರನ್ನು ತಡೆದು ಶೋಧಿಸಲು, ಅವರು ಅಪರಾಧ ಎಸಗಿದ್ದಾರೆಂದು ನಂಬಲು ಕಾರಣವಿರಬೇಕು ಎಂದು 1985ರ ಮಾದಕ ವಸ್ತು ನಿಯಂತ್ರಣ (ಎನ್‌ಡಿಪಿಎಸ್) ಕಾಯ್ದೆಯೇ ಹೇಳುತ್ತದೆ. ರಾತ್ರಿ ಒಂಟಿಯಾಗಿ ನಡೆಯುವುದು ಅಂಥ ಕಾರಣವೇ? ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರೇ ಮೈ ತಪಾಸಣೆ ನಡೆಯಲಿ ಎಂದು ಕೇಳುವ ಹಕ್ಕನ್ನು 50ನೇ ಸೆಕ್ಷನ್ ಕೊಟ್ಟಿದೆ. ಶಂಕಿತನಿಗೆ ಆ ಹಕ್ಕನ್ನು ತಿಳಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2010ರಲ್ಲೇ ಸ್ಪಷ್ಟಪಡಿಸಿದೆ. ಇದನ್ನು ಕಡೆಗಣಿಸಿದರೆ ಮಾಲು ಸಮೇತ ಸಿಕ್ಕಿಬಿದ್ದ ದಂಧೆಕೋರನೂ ನ್ಯಾಯಾಲಯದಲ್ಲಿ ಖುಲಾಸೆಯಾಗಬಹುದು. ಪೊಲೀಸರ ಶ್ರಮವೂ ನೀರುಪಾಲು.

ಸಕಾರಣವಿಲ್ಲದೆ ಶೋಧಿಸಿ ಕಿರುಕುಳ ಕೊಡುವ ಅಧಿಕಾರಿಗೆ 58ನೇ ಸೆಕ್ಷನ್‌ನಡಿ ಆರು ತಿಂಗಳವರೆಗೆ ಸಜೆಯೂ ಆಗಬಹುದು. ಇದು ಎಷ್ಟು ಠಾಣೆಗಳಲ್ಲಿ ನೆನಪಿದೆಯೋ!

ತಡೆದು ತಪಾಸಣೆ ಮಾಡಿದಾಗಲೆಲ್ಲ ಕಾರಣ, ಸಮಯ, ಅಧಿಕಾರಿಯ ಹೆಸರಿರುವ ಚೀಟಿಯನ್ನು ಕನ್ನಡದಲ್ಲಿ ಕೊಡುವಂತೆ, ದೇಹಕ್ಕೆ ಧರಿಸುವ ಕ್ಯಾಮೆರಾ ಚಾಲೂ ಇಡುವಂತೆ, ಬೀದಿಯಲ್ಲಿ ಮೊಬೈಲ್ ಜಾಲಾಡದಂತೆ ಗೃಹ ಇಲಾಖೆ ಕೂಡಲೇ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

— ಓರ್ವ ಓದುಗ, ಬೆಂಗಳೂರು